ಸಂಗೀತ ಕಲಿತರೆ ಬುದ್ಧಿ ಚುರುಕಾಗುತ್ತಾ, ಚುರುಕಿದ್ದವರೇ ಸಂಗೀತದಲ್ಲಿ ಉಳಿಯುತ್ತಾರಾ?

ಗೊಂದಲದ_ಅಪ್ಪ
ಮಗಳಿಗೆ ಒಂಬತ್ತು ವರ್ಷ. ಪಿಟೀಲು ಕಲಿಯುತ್ತಿದ್ದಾಳೆ. ಸೇರಿಸುವಾಗ ಕ್ಲಾಸಿನವರು ಹೇಳಿದ್ದರು, ಸಂಗೀತ ಕಲಿತ ಮಕ್ಕಳಿಗೆ ಲೆಕ್ಕ ತಾನಾಗೇ ಬರುತ್ತೆ, ಐಕ್ಯೂ ಏರುತ್ತೆ, ಸ್ವಭಾವದಲ್ಲೂ ಶಿಸ್ತು ಬರುತ್ತೆ ಅಂತ. ಈಗ ಅವಳಿಗೆ ಪಿಟೀಲು ಬೇಡವಂತೆ. ಚಿತ್ರ ಬರೆಯುವುದೇ ಇಷ್ಟವಂತೆ. ಲೆಕ್ಕದಲ್ಲಿ ಮೊದಲು ಹೇಗಿದ್ದಳೋ ಈಗಲೂ ಹಾಗೇ ಇದ್ದಾಳೆ. ಶಿಸ್ತಿನ ವಿಷಯ ಕೇಳಲೇಬೇಡಿ. ನನ್ನ ಹೆಂಡತಿ, ಬಿಡಿಸಬೇಡಿ, ಮೆದುಳು ಬೆಳೆಯುವ ವಯಸ್ಸು ಅಂತಾಳೆ. ಬಿಡಿಸಿದರೆ ನಿಜಕ್ಕೂ ಏನಾದರೂ ನಷ್ಟವಾ? ಅನುಭವ ಇದ್ದವರು, ಓದಿಕೊಂಡವರು ಹೇಳಿ. ‘ಸಂಗೀತ ದೈವಿಕ’ ಅಂತ ಮಾತ್ರ ಬರೆಯಬೇಡಿ, ಅದು ನನಗೂ ಗೊತ್ತು.

ಕೀಬೋರ್ಡ್_ಅಮ್ಮ
ದಯವಿಟ್ಟು ಬಿಡಿಸಬೇಡಿ. ನನ್ನ ದೊಡ್ಡವರಿಬ್ಬರೂ ಕೀಬೋರ್ಡ್ ಕಲಿತರು, ಇಬ್ಬರೂ ಓದಿನಲ್ಲಿ ಯಾವಾಗಲೂ ಮುಂದು. ಹೊಟ್ಟೆಯಲ್ಲಿದ್ದಾಗಲೇ ಮೊಜಾರ್ಟ್ ಕೇಳಿಸಿದ್ದೆ. ವಿಜ್ಞಾನಿಗಳೇ ಸಾಬೀತು ಮಾಡಿದ್ದಾರಲ್ಲ, ಇನ್ನೇನು ಬೇಕು?

ಪುರಾವೆ_ಎಲ್ಲಿ
ಮೇಡಂ, ವಿಜ್ಞಾನಿಗಳು ಸಾಬೀತು ಮಾಡಿದ್ದು ಅದಲ್ಲ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟದ ಬರಹ ಬಂತು. 36 ಮಂದಿ ಕಾಲೇಜು ವಿದ್ಯಾರ್ಥಿಗಳು. ಮಕ್ಕಳಲ್ಲ, ಗರ್ಭಿಣಿಯರೂ ಅಲ್ಲ. ಅವರಿಗೆ ಹತ್ತು ನಿಮಿಷ ಮೊಜಾರ್ಟನ ಎರಡು ಪಿಯಾನೋಗಳ ಸೊನಾಟಾ ಕೇಳಿಸಿದರು. ಆಮೇಲೆ ಕಾಗದ ಮಡಿಸಿ ಕತ್ತರಿಸಿದರೆ ಬಿಚ್ಚಿದಾಗ ಹೇಗೆ ಕಾಣುತ್ತೆ ಅನ್ನುವಂಥ ಆಕಾರದ ಪ್ರಶ್ನೆ ಕೊಟ್ಟರು. ಸುಮ್ಮನೆ ಕೂತಿದ್ದಾಗ ಮಾಡಿದ್ದಕ್ಕಿಂತ ಸ್ವಲ್ಪ ಚೆನ್ನಾಗಿ ಮಾಡಿದರು, ಐಕ್ಯೂ ಲೆಕ್ಕಕ್ಕೆ ತಿರುಗಿಸಿದರೆ 8-9 ಅಂಕದಷ್ಟು. ಅದೂ ಕಾಲು ಗಂಟೆಯೊಳಗೆ ಇಳಿದುಹೋಯಿತು. ಅಷ್ಟೇ.

ಅದನ್ನೇ ಪತ್ರಿಕೆಗಳು ‘ಮೊಜಾರ್ಟ್ ಎಫೆಕ್ಟ್’ ಅಂತ ಮಾಡಿದವು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಮಗುವಿಗೂ ಒಂದು ಸಂಗೀತದ ಸಿ.ಡಿ. ಕೊಡಬೇಕು ಅಂತ ಬಜೆಟ್‌ನಲ್ಲಿ ದುಡ್ಡು ಕೇಳಿದರು. ಆಮೇಲೆ ಬೇರೆಯವರು ಮತ್ತೆ ಮತ್ತೆ ಪರೀಕ್ಷಿಸಿದರು. 2001ರಲ್ಲಿ ಟೊರಾಂಟೊದ ಕಡೆಯವರು ತೋರಿಸಿದ್ದು ಏನಂದರೆ, ಲವಲವಿಕೆಯ ಮೊಜಾರ್ಟ್ ಕೇಳಿದಾಗ ಏರಿಕೆ ಇತ್ತು, ಅಳುಮೋರೆಯ ನಿಧಾನ ಸಂಗೀತಕ್ಕೆ ಇರಲಿಲ್ಲ. ಅಂದರೆ ಮೈ ಎಚ್ಚರವಾಗಿ ಮನಸ್ಸು ಖುಷಿಯಾದ್ದರಿಂದ ಆದದ್ದು. ಸಂಗೀತಕ್ಕೂ ಬುದ್ಧಿಗೂ ಗುಟ್ಟಿನ ನಂಟೇನಿಲ್ಲ.

ಸುಮ್ನೆ_ಬಂದೆ
ಕಾಲು ಗಂಟೆ ಬುದ್ಧಿ ಸಾಕು ನನಗೆ. ಪರೀಕ್ಷೆ ಹಾಲ್‌ಗೆ ಹೆಡ್‌ಫೋನ್ ಬಿಡ್ತಾರಾ?

ಕೀಬೋರ್ಡ್_ಅಮ್ಮ
ಕೇಳೋದು ಬಿಡಿ. ಇಲ್ಲಿ ಪ್ರಶ್ನೆ ಕಲಿಯೋದರ ಬಗ್ಗೆ. ಕೈ, ಕಿವಿ, ಕಣ್ಣು ಎಲ್ಲ ಒಟ್ಟಿಗೆ ಕೆಲಸ ಮಾಡುತ್ತವೆ. ಅದರಿಂದ ಏನೂ ಆಗಲ್ಲ ಅಂದರೆ ನಾನು ನಂಬಲ್ಲ.

ಪುರಾವೆ_ಎಲ್ಲಿ
ಏನೂ ಆಗಲ್ಲ ಅಂತ ನಾನೂ ಹೇಳಿಲ್ಲ. ಕಲಿಕೆಯ ಬಗ್ಗೆ ಎಲ್ಲರೂ ಎತ್ತಿ ತೋರಿಸುವುದು ಶೆಲೆನ್‌ಬರ್ಗ್ ಅನ್ನುವ ಮನೋವಿಜ್ಞಾನಿಯ 2004ರ ಪ್ರಯೋಗ. ಆರು ವರ್ಷದ 144 ಮಕ್ಕಳು. ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಕೀಬೋರ್ಡ್, ಒಂದಕ್ಕೆ ಹಾಡುಗಾರಿಕೆ, ಒಂದಕ್ಕೆ ನಾಟಕ, ಇನ್ನೊಂದಕ್ಕೆ ಆ ವರ್ಷ ಏನೂ ಇಲ್ಲ. ವರ್ಷದ ಕೊನೆಗೆ ಎಲ್ಲರ ಐಕ್ಯೂ ಏರಿತ್ತು, ಏಕೆಂದರೆ ಎಲ್ಲರೂ ಹೊಸದಾಗಿ ಶಾಲೆಗೆ ಹೋಗಿದ್ದರು. ಸಂಗೀತದ ಮಕ್ಕಳಿಗೆ ಸುಮಾರು 7 ಅಂಕ, ಉಳಿದವರಿಗೆ 4ಕ್ಕೆ ಸ್ವಲ್ಪ ಮೇಲೆ. ವ್ಯತ್ಯಾಸ ಮೂರಕ್ಕೂ ಕಡಿಮೆ. ಇದೆ, ಆದರೆ ಮಗುವಿನ ಜೊತೆ ಬದುಕುವವರಿಗೆ ಕಾಣುವಷ್ಟಲ್ಲ.

ತಾಳತಪ್ಪಿ
ನಾಟಕದ ಗುಂಪಿಗೆ ಏನಾಯ್ತು? ಅದನ್ಯಾಕೆ ಯಾರೂ ಹೇಳಲ್ಲ?

ಪುರಾವೆ_ಎಲ್ಲಿ
ಒಳ್ಳೆ ಪ್ರಶ್ನೆ. ಐಕ್ಯೂನಲ್ಲಿ ವಿಶೇಷ ಏನಿಲ್ಲ. ಆದರೆ ನಾಲ್ಕು ಜನರ ಜೊತೆ ಹೊಂದಿಕೊಂಡು ಹೋಗೋದರಲ್ಲಿ ನಾಟಕದ ಮಕ್ಕಳು ಸುಧಾರಿಸಿದರು. ಸಂಗೀತದ ಮಕ್ಕಳಲ್ಲಿ ಅದು ಕಾಣಲಿಲ್ಲ.

ತಾಳತಪ್ಪಿ
ನೋಡಿದಿರಾ! ನಮ್ಮಂಥ ರಂಗದ ಮಂದಿಗೆ ಇದು ಮೊದಲೇ ಗೊತ್ತಿತ್ತು. ಸಂಗೀತಗಾರರು ಒಬ್ಬರ ಮುಖ ಒಬ್ಬರು ನೋಡಲ್ಲ.

ಮೂರನೇ_ಕಾಲ
ನಾನು ಪಾಠ ಹೇಳಿಕೊಡುವವಳು. ಮೇಲಿನ ಮಾತಿಗೆ ಜಗಳಕ್ಕೆ ಬರಲ್ಲ, ಅದು ಅರ್ಧ ನಿಜ.

ಅಪ್ಪನವರೇ, ಕ್ಲಾಸಿನವರು ಲೆಕ್ಕದ ಭರವಸೆ ಕೊಟ್ಟದ್ದು ತಪ್ಪು. ನಾನು ಯಾವತ್ತೂ ಕೊಡಲ್ಲ. ಆದರೆ ಪಾಠದಲ್ಲಿ ಏನು ನಡೆಯುತ್ತೆ ಅಂತ ಹೇಳ್ತೀನಿ, ಅದನ್ನು ಅಂಕದಲ್ಲಿ ಅಳೆಯೋದು ಕಷ್ಟ. ಸರಳೆ ವರಸೆಯನ್ನೇ ತೆಗೆದುಕೊಳ್ಳಿ, ಶುರುವಿನಲ್ಲಿ ಕಲಿಸುವ ಸ್ವರಗಳ ಅಭ್ಯಾಸ. ಮೊದಲ ಕಾಲದಲ್ಲಿ, ಅಂದರೆ ನಿಧಾನದ ವೇಗದಲ್ಲಿ, ತೊಡೆ ಮೇಲೆ ಒಂದು ತಟ್ಟಿಗೆ ಒಂದು ಸ್ವರ. ಎರಡನೇ ಕಾಲಕ್ಕೆ ಬಂದಾಗ ಕೈ ಅದೇ ವೇಗದಲ್ಲಿರಬೇಕು, ಬಾಯಿ ಮಾತ್ರ ಎರಡರಷ್ಟು ಓಡಬೇಕು. ಹೊಸ ಮಗು ಏನು ಮಾಡುತ್ತೆ ಗೊತ್ತಾ? ಬಾಯಿ ಜೊತೆ ಕೈಯೂ ಓಡುತ್ತೆ. ಕಿರುಬೆರಳು, ಉಂಗುರ ಬೆರಳು, ನಡುಬೆರಳು ಎಣಿಸುವುದರೊಳಗೆ ಸ್ವರ ಮುಗಿದು, ಮಗು ನನ್ನ ಮುಖ ನೋಡುತ್ತೆ. ಕೈ ಹಿಡಿದು ತಟ್ಟಿಸಿದರೆ ಬಾಯಿ ನಿಂತುಹೋಗುತ್ತೆ. ವಾರಗಟ್ಟಲೆ ಇದೇ. ಆಮೇಲೆ ಒಂದು ದಿನ ಕೈ ತನ್ನ ಪಾಡಿಗೆ ತಾನು, ಬಾಯಿ ತನ್ನ ಪಾಡಿಗೆ ತಾನು. ಮಗುವಿಗೇ ಆಶ್ಚರ್ಯ.

ಓಡಬೇಕು ಅನ್ನಿಸಿದಾಗ ಓಡದೆ ಇರೋದು, ಇದನ್ನೇ ಅಲ್ಲವಾ ಮನಸ್ಸಿನ ಹಿಡಿತ ಅನ್ನೋದು? ಇದಕ್ಕೆ ಬೆಲೆ ಇಲ್ಲವಾ?

ಲೆಕ್ಕದ_ಮೇಷ್ಟ್ರು
ಬೆಲೆ ಇದೆ ಮೇಡಂ. ಆದರೆ ಆ ಹಿಡಿತ ನನ್ನ ತರಗತಿಗೆ ಬರುತ್ತಾ ಅನ್ನೋದೇ ಪ್ರಶ್ನೆ. ನನ್ನ ಅನುಭವ ಹೇಳ್ತೀನಿ. ಮೃದಂಗ ನುಡಿಸುವ ಹುಡುಗನೊಬ್ಬ ಇದ್ದ. ತಾಳದ ಒಂದು ಮಾತ್ರೆಯನ್ನು ಮೂರು, ನಾಲ್ಕು, ಐದು, ಏಳು ಪಾಲು ಮಾಡಿ ಬೆರಳಲ್ಲಿ ಸಲೀಸಾಗಿ ನುಡಿಸ್ತಿದ್ದ. ಭಿನ್ನರಾಶಿ ಪಾಠ ಶುರುವಾದಾಗ ನನಗೆ ಭಾರೀ ಖುಷಿ, ಇವನಿಗೆ ಹೇಳಿಕೊಡೋದೇ ಬೇಡ ಅಂತ. ಮೂರನೇ ಒಂದಕ್ಕೆ ನಾಲ್ಕನೇ ಒಂದು ಕೂಡಿಸು ಅಂದೆ. ಏಳನೇ ಎರಡು ಅಂದ! ಎಲ್ಲರ ಹಾಗೆ ಮೇಲಿನದ್ದಕ್ಕೆ ಮೇಲಿನದ್ದು, ಕೆಳಗಿನದ್ದಕ್ಕೆ ಕೆಳಗಿನದ್ದು ಕೂಡಿಸಿದ್ದ.

ಬೆರಳಿಗೆ ಗೊತ್ತಿದ್ದದ್ದು ಪೆನ್ಸಿಲಿಗೆ ಗೊತ್ತಿರಲಿಲ್ಲ. ನಾನೇ ಮೇಜು ತಟ್ಟಿ, ಹನ್ನೆರಡು ಪಾಲಿನಲ್ಲಿ ಮೂರರ ನಡೆ ಎಲ್ಲಿ ಬೀಳುತ್ತೆ, ನಾಲ್ಕರ ನಡೆ ಎಲ್ಲಿ ಬೀಳುತ್ತೆ ಅಂತ ಅವನಿಂದಲೇ ಹೇಳಿಸಿದ ಮೇಲೆ ತಟ್ಟನೆ ಹಿಡಿದ. ಆಗ ಸಂಗೀತ ಉಪಯೋಗಕ್ಕೆ ಬಂತು. ಆದರೆ ತಾನಾಗೇ ಬರಲಿಲ್ಲ, ಯಾರಾದರೂ ಸೇತುವೆ ಹಾಕಬೇಕಾಯಿತು.

ಮೂರನೇ_ಕಾಲ
ಮೇಷ್ಟ್ರೇ, ಇದನ್ನು ನನ್ನ ಕ್ಲಾಸಿನಲ್ಲಿ ಮಾಡಿ ನೋಡ್ತೀನಿ.

ಪುರಾವೆ_ಎಲ್ಲಿ
ಮೇಷ್ಟ್ರು ಹೇಳಿದ್ದೇ ಇಡೀ ಜಗಳದ ತಿರುಳು. ಒಂದು ಕೆಲಸ ಕಲಿತರೆ ಅದಕ್ಕೆ ಹತ್ತಿರದ ಕೆಲಸ ಸುಧಾರಿಸುತ್ತೆ. ದೂರದ್ದು ಅಷ್ಟು ಸುಲಭಕ್ಕೆ ಸುಧಾರಿಸಲ್ಲ. ಸಾಲಾ ಮತ್ತು ಗೊಬೆ ಅನ್ನುವ ಇಬ್ಬರು 2020ರಲ್ಲಿ 54 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು, ಸುಮಾರು ಏಳು ಸಾವಿರ ಮಕ್ಕಳು. ಸಂಗೀತ ಕಲಿತವರನ್ನು ಏನೂ ಕಲಿಯದವರ ಜೊತೆ ಹೋಲಿಸಿದಾಗ ಚಿಕ್ಕ ಲಾಭ. ಬೇರೇನಾದರೂ ಕಲಿತವರ ಜೊತೆ ಹೋಲಿಸಿದಾಗ ಹೆಚ್ಚುಕಡಿಮೆ ಸೊನ್ನೆ. ಅಂದರೆ ಯಾವುದಾದರೂ ಹೊಸದನ್ನು ಕಲಿಯುತ್ತಿದ್ದರೆ ಸಾಕು, ಅದು ಪಿಟೀಲೇ ಆಗಬೇಕಿಲ್ಲ. ಅಪ್ಪನವರೇ, ಚಿತ್ರ ಬರೆಯಲಿ ಬಿಡಿ.

ಗೂಬೆಕಣ್ಣು
ಅದೇ ಅಂಕಿಗಳನ್ನು ಇಟ್ಟುಕೊಂಡು 2022ರಲ್ಲಿ ಬಿಗಾಂ ಮತ್ತು ಟಿಲ್‌ಮನ್ ಬೇರೆ ಮಾತು ಹೇಳಿದ್ದಾರೆ ಸರ್. ಲೆಕ್ಕ ಹಾಕಿದ ರೀತಿಯಲ್ಲೇ ತಕರಾರಿದೆ, ಲಾಭ ಚಿಕ್ಕದಾದರೂ ಇದೆ ಅಂತ. ಒಂದೇ ಕಡೆ ಓದಿ ತೀರ್ಪು ಕೊಡಬೇಡಿ.

ನನಗೆ ಇದಕ್ಕಿಂತ ಸ್ವಾರಸ್ಯ ಅನ್ನಿಸೋದು ಸ್ವಭಾವದ ಪ್ರಶ್ನೆ. ಅಪ್ಪನವರು ಅದನ್ನೂ ಕೇಳಿದ್ದಾರೆ, ಎಲ್ಲರೂ ಐಕ್ಯೂ ಹಿಂದೆ ಓಡಿದ್ದೀರಿ. 2013ರಲ್ಲಿ ಶೆಲೆನ್‌ಬರ್ಗ್ ತಂಡವೇ ಇನ್ನೊಂದು ಅಧ್ಯಯನ ಮಾಡಿತು. ದೊಡ್ಡವರು 118 ಮಂದಿ, 10ರಿಂದ 12 ವರ್ಷದ ಮಕ್ಕಳು 167. ಯಾರು ಎಷ್ಟು ಕಾಲ ಸಂಗೀತ ಕಲಿತರು, ಬುದ್ಧಿ ಎಷ್ಟು, ಮನೆಯ ಪರಿಸ್ಥಿತಿ ಏನು, ಸ್ವಭಾವ ಎಂಥದ್ದು, ಎಲ್ಲ ಅಳೆದರು. ಬುದ್ಧಿ, ಮನೆ ಎರಡನ್ನೂ ಲೆಕ್ಕದಿಂದ ಬದಿಗಿಟ್ಟರೂ ಸ್ವಭಾವ ಮಾತ್ರ ಉಳಿಯಿತು. ಅದರಲ್ಲೂ ಹೊಸದಕ್ಕೆ ಮನಸ್ಸು ತೆರೆದಿರುವ ಗುಣ. ಹೊಸ ರುಚಿ, ಹೊಸ ವಿಚಾರ, ಕಲೆ, ಕಲ್ಪನೆ ಇವುಗಳ ಕಡೆ ತಾನಾಗೇ ವಾಲುವವರು ಸಂಗೀತದಲ್ಲಿ ಜಾಸ್ತಿ ಕಾಲ ಉಳಿದಿದ್ದರು.

ಹಾಗಾದರೆ ಸಂಗೀತ ಅವರನ್ನು ಹಾಗೆ ಮಾಡಿತಾ, ಅವರು ಹಾಗಿದ್ದರಿಂದ ಸಂಗೀತಕ್ಕೆ ಬಂದರಾ? ನನ್ನ ಓಟು ಎರಡನೆಯದಕ್ಕೆ. ಯಾವುದೇ ಸಂಗೀತ ಕ್ಲಾಸಿನಲ್ಲಿ ಮೊದಲ ತಿಂಗಳು ಎಷ್ಟು ಮಕ್ಕಳಿರ್ತಾರೆ, ಐದು ವರ್ಷದ ನಂತರ ಎಷ್ಟು ಉಳಿದಿರ್ತಾರೆ ನೋಡಿ. ಬಿಟ್ಟು ಹೋದವರನ್ನು ಯಾರೂ ಎಣಿಸಲ್ಲ. ಉಳಿದ ನಾಲ್ವರನ್ನು ವೇದಿಕೆ ಮೇಲೆ ಕೂರಿಸಿ, ನೋಡಿ ಸಂಗೀತ ಇವರನ್ನು ಹೇಗೆ ರೂಪಿಸಿದೆ ಅಂತೀವಿ. ಜರಡಿಯಲ್ಲಿ ಉಳಿದದ್ದನ್ನು ನೋಡಿ ಜರಡಿಯೇ ಕಾಳು ಬೆಳೆಯಿತು ಅಂದ ಹಾಗಾಯ್ತು.

ಕೀಬೋರ್ಡ್_ಅಮ್ಮ
ಐನ್‌ಸ್ಟೈನ್ ಪಿಟೀಲು ನುಡಿಸ್ತಿದ್ದರು. ಅದಕ್ಕೇನು ಹೇಳ್ತೀರಿ?

ಸುಮ್ನೆ_ಬಂದೆ
ಬಂತು ಐನ್‌ಸ್ಟೈನ್. ಇಷ್ಟು ಹೊತ್ತು ಯಾಕೆ ಬರಲಿಲ್ಲ ಅಂತ ಕಾಯ್ತಿದ್ದೆ.

ಲೆಕ್ಕದ_ಮೇಷ್ಟ್ರು
ಡಾರ್ವಿನ್‌ಗೆ ಶ್ರುತಿಯೂ ಇರಲಿಲ್ಲ, ತಾಳವೂ ಇರಲಿಲ್ಲ ಮೇಡಂ. ಅಪಸ್ವರ ಬಂದರೆ ಗೊತ್ತಾಗಲ್ಲ, ಒಂದು ಧಾಟಿಯನ್ನು ಸರಿಯಾಗಿ ಗುನುಗಲೂ ಬರಲ್ಲ ಅಂತ ತಮ್ಮ ಆತ್ಮಕಥೆಯಲ್ಲೇ ಬರೆದುಕೊಂಡಿದ್ದಾರೆ. ಆದರೂ ಸಂಗೀತ ಕೇಳೋದೆಂದರೆ ಅವರಿಗೆ ಇಷ್ಟ. ಒಬ್ಬ ಐನ್‌ಸ್ಟೈನ್‌ಗೆ ಒಬ್ಬ ಡಾರ್ವಿನ್, ಸರಿಹೋಯ್ತು.

ಮೃದಂಗಪ್ರಿಯ
ಸಿ.ವಿ. ರಾಮನ್ ಅವರನ್ನು ಮರೆತಿರಾ? 1920ರಲ್ಲೇ ಮೃದಂಗ, ತಬಲಾಗಳ ನಾದದ ಬಗ್ಗೆ ‘ನೇಚರ್’ನಲ್ಲಿ ಬರೆದಿದ್ದಾರೆ. ಬೇರೆ ಹೆಚ್ಚಿನ ಚರ್ಮವಾದ್ಯಗಳು ಬರೀ ಧಡ್ ಅಂತ ಸದ್ದು ಮಾಡುತ್ತವೆ, ನಮ್ಮವು ಶ್ರುತಿಗೆ ನಿಲ್ಲುತ್ತವೆ. ಯಾಕೆ? ಬಲಗಡೆಯ ನಡುವೆ ಹಾಕುವ ಕರಿ ಲೇಪ, ಕರಣೆ. ಅದರ ತೂಕದಿಂದ ಚರ್ಮದ ಕಂಪನಗಳು ಒಂದು, ಎರಡು, ಮೂರು ಅಂತ ಲೆಕ್ಕಬದ್ಧವಾಗಿ ಕೂರುತ್ತವೆ.

ಪುರಾವೆ_ಎಲ್ಲಿ
ಚೆನ್ನಾಗಿದೆ, ಆದರೆ ವಿಷಯಕ್ಕೂ ಇದಕ್ಕೂ ಏನು ಸಂಬಂಧ?

ಮೃದಂಗಪ್ರಿಯ
ಏನೂ ಇಲ್ಲ. ಮೃದಂಗದ ಮಾತು ಬಂತು, ಹೇಳಿದೆ.

ತಂಬೂರಿ_ತಂತಿ
ಮೆದುಳಿನ ಚಿತ್ರ ತೆಗೆದವರ ಮಾತು ಯಾರೂ ಎತ್ತಲಿಲ್ಲ. 1995ರಲ್ಲಿ ಶ್ಲಾಗ್ ತಂಡ ಸಂಗೀತಗಾರರ ಮೆದುಳು ನೋಡಿತು. ಎಡ ಬಲ ಭಾಗಗಳನ್ನು ಜೋಡಿಸುವ ನರಗಳ ಪಟ್ಟಿ ಇದೆಯಲ್ಲ, ಕಾರ್ಪಸ್ ಕಲೋಸಮ್, ಏಳು ವರ್ಷದೊಳಗೆ ಕಲಿಯಲು ಶುರು ಮಾಡಿದವರಲ್ಲಿ ಅದರ ಮುಂಭಾಗ ದಪ್ಪವಿತ್ತು. ಅವರು ಹುಟ್ಟುತ್ತಲೇ ಹಾಗಿದ್ದರು ಅಂತೀರಾ? 2009ರಲ್ಲಿ ಚಿಕ್ಕ ಮಕ್ಕಳನ್ನೇ ಹಿಂಬಾಲಿಸಿದರು. ಶುರುವಿನಲ್ಲಿ ಎರಡು ಗುಂಪಿನ ಮೆದುಳಲ್ಲೂ ವ್ಯತ್ಯಾಸ ಇರಲಿಲ್ಲ. 15 ತಿಂಗಳು ಕೀಬೋರ್ಡ್ ಕಲಿತ ಮೇಲೆ ಕೈ ಆಡಿಸುವ ಭಾಗ, ಕೇಳುವ ಭಾಗ ಬದಲಾಗಿದ್ದವು. ಇದಕ್ಕೇನು ಉತ್ತರ?

ಪುರಾವೆ_ಎಲ್ಲಿ
ಉತ್ತರ ನೀವೇ ಬರೆದಿದ್ದೀರಿ. ಕೈ ಆಡಿಸುವ ಭಾಗ, ಕೇಳುವ ಭಾಗ. ಆ ಮಕ್ಕಳು ಬೆರಳಾಟದಲ್ಲಿ, ಧಾಟಿ ಗುರುತಿಸೋದರಲ್ಲಿ ಮುಂದೆ ಹೋದರು, ದೂರದ ಪರೀಕ್ಷೆಗಳಲ್ಲಿ ಹೋಗಲಿಲ್ಲ. ಮೆದುಳು ಬದಲಾಯಿತು ಅಂದ ಮಾತ್ರಕ್ಕೆ ಬುದ್ಧಿ ಬೆಳೆಯಿತು ಅಂತಲ್ಲ. ಏನು ಕಲಿತರೂ ಮೆದುಳು ಬದಲಾಗುತ್ತೆ.

ಹುಟ್ಟಿನ ಮಾತು ಬಂತಲ್ಲ, ಸ್ವೀಡನ್‌ನಲ್ಲಿ ಸಾವಿರಾರು ಅವಳಿಗಳನ್ನು ನೋಡಿದ್ದಾರೆ. ಒಂದೇ ವಂಶವಾಹಿ ಇರುವ ಜೋಡಿ. ಒಬ್ಬರು ಜಾಸ್ತಿ ಅಭ್ಯಾಸ ಮಾಡಿದವರು, ಇನ್ನೊಬ್ಬರು ಕಡಿಮೆ ಮಾಡಿದವರು. ಸಂಗೀತ ಬುದ್ಧಿ ಬೆಳೆಸುವುದಾದರೆ ಮೊದಲನೆಯವರ ಐಕ್ಯೂ ಜಾಸ್ತಿ ಇರಬೇಕಿತ್ತು. ಇರಲಿಲ್ಲ. 2014ರಲ್ಲಿ ಅವರದೇ ಇನ್ನೊಂದು ವರದಿ ಬಂತು. ಸ್ವರದ ಏರಿಳಿತ, ಲಯ ಗುರುತಿಸುವ ಪರೀಕ್ಷೆಯಲ್ಲೂ ಜಾಸ್ತಿ ಅಭ್ಯಾಸ ಮಾಡಿದ ಅವಳಿ ಮುಂದಿರಲಿಲ್ಲ.

ಮೂರನೇ_ಕಾಲ
ಇದನ್ನು ಮಾತ್ರ ಒಪ್ಪಲ್ಲ! ಅಭ್ಯಾಸ ಮಾಡಿದರೂ ಮಾಡದಿದ್ದರೂ ಒಂದೇ ಅಂದರೆ ನಾವೆಲ್ಲ ಯಾಕೆ ಇದ್ದೀವಿ? ಎರಡು ಸ್ವರ ಕೇಳಿಸಿ, ಯಾವುದು ಎತ್ತರ ಅಂತ ಕೇಳೋದು ಸಂಗೀತವಾ? ಆ ಅವಳಿಗಳ ಕೈಗೆ ಪಿಟೀಲು ಕೊಟ್ಟು ಒಂದು ರಾಗ ನುಡಿಸಲು ಹೇಳಿ, ಯಾರು ಅಭ್ಯಾಸ ಮಾಡಿದವರು ಅಂತ ಪಕ್ಕದ ಮನೆಯವರೇ ಹೇಳ್ತಾರೆ.

ಪುರಾವೆ_ಎಲ್ಲಿ
ಸರಿ, ಆ ಪರೀಕ್ಷೆ ಕಿವಿಯದ್ದು, ಕೈಯದ್ದಲ್ಲ. ಐಕ್ಯೂ ವಿಷಯ ಮಾತ್ರ ಹಾಗೇ ನಿಲ್ಲುತ್ತೆ.

ತಾಳತಪ್ಪಿ
ಕಿವಿ ಅಂದಾಗ ನೆನಪಾಯ್ತು. ಯಾವ ಸ್ವರ ಬಾರಿಸಿದರೂ ಇದು ಇಂಥದ್ದೇ ಅಂತ ಥಟ್ಟನೆ ಹೇಳ್ತಾರಲ್ಲ, ಅದು ಹುಟ್ಟಿನಿಂದ ಬರೋದಾ?

ತಂಬೂರಿ_ತಂತಿ
ಸ್ವಲ್ಪ ಹುಟ್ಟು, ಸ್ವಲ್ಪ ವಯಸ್ಸು, ಸ್ವಲ್ಪ ಭಾಷೆ ಇರಬೇಕು. ಡಯಾನಾ ಡಾಯ್ಚ್ 2006ರಲ್ಲಿ ಚೀನಾ ಮತ್ತು ಅಮೆರಿಕದ ಸಂಗೀತ ಕಾಲೇಜುಗಳ ಮಕ್ಕಳನ್ನು ಹೋಲಿಸಿದರು. ನಾಲ್ಕೈದು ವರ್ಷಕ್ಕೇ ಕಲಿಕೆ ಶುರು ಮಾಡಿದ್ದವರಲ್ಲಿ ಚೀನೀಯರಲ್ಲಿ ಸುಮಾರು 60%, ಅಮೆರಿಕದವರಲ್ಲಿ ಸುಮಾರು 14% ಮಂದಿಗೆ ಆ ಶಕ್ತಿ ಇತ್ತು. ಚೀನೀ ಭಾಷೆಯಲ್ಲಿ ದನಿಯ ಏರಿಳಿತದಿಂದಲೇ ಅರ್ಥ ಬದಲಾಗುತ್ತೆ, ಅದೂ ಒಂದು ಕಾರಣ ಅಂತ ಅವರ ವಾದ.

ನಮ್ಮ ಪದ್ಧತಿಯಲ್ಲಿ ಅದು ಅಂಥ ದೊಡ್ಡ ವರವೂ ಅಲ್ಲ. ಅವರವರ ಕಂಠಕ್ಕೆ ತಕ್ಕ ಶ್ರುತಿ ಇಟ್ಟುಕೊಳ್ಳೋದು. ಷಡ್ಜ, ಅಂದರೆ ‘ಸ’ ಸ್ವರ, ಎಲ್ಲಿದೆಯೋ ಅಲ್ಲಿಂದ ಉಳಿದದ್ದೆಲ್ಲ.

ನಿವೃತ್ತ62
ಎಲ್ಲರೂ ಮಕ್ಕಳ ಬಗ್ಗೆಯೇ ಮಾತಾಡ್ತಿದ್ದೀರಿ. ನನಗೆ ಈಗ ವೀಣೆ ಕಲಿಯುವ ಆಸೆ. ಮರೆವು ಕಡಿಮೆಯಾಗುತ್ತೆ ಅಂತ ಮಗ ಹುರಿದುಂಬಿಸ್ತಾನೆ. ನಿಜವಾ, ನನ್ನನ್ನು ಮನೆಯಲ್ಲಿ ಕೂರಿಸುವ ಉಪಾಯವಾ?

ಗೂಬೆಕಣ್ಣು
ನಿಮಗೆ ಒಂದು ಒಳ್ಳೆ ಸುದ್ದಿ ಇದೆ ಸರ್. ಸ್ಕಾಟ್ಲೆಂಡ್‌ನಲ್ಲಿ 1936ರಲ್ಲಿ ಹುಟ್ಟಿದವರಿಗೆ 11ನೇ ವಯಸ್ಸಿನಲ್ಲಿ ಬುದ್ಧಿ ಪರೀಕ್ಷೆ ಆಗಿತ್ತು. ಅವರಿಗೇ 70ರಲ್ಲಿ ಮತ್ತೆ ಅದೇ ಪರೀಕ್ಷೆ. 2022ರ ವರದಿ ಪ್ರಕಾರ 366 ಮಂದಿಯಲ್ಲಿ 117 ಮಂದಿ ಯಾವುದಾದರೂ ವಾದ್ಯ ನುಡಿಸಿದ್ದವರು. ಜಾಸ್ತಿ ನುಡಿಸಿದವರು 11ರಿಂದ 70ರ ನಡುವೆ ಸ್ವಲ್ಪ ಜಾಸ್ತಿ ಸುಧಾರಿಸಿದ್ದರು. ಓದು, ಮನೆಯ ಸ್ಥಿತಿ, ಬಾಲ್ಯದ ಬುದ್ಧಿ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ. ಪರಿಣಾಮ ಚಿಕ್ಕದು, ಚೀಟಿ ಎತ್ತಿ ಮಾಡಿದ ಪ್ರಯೋಗವೂ ಅಲ್ಲ. ಅವರಲ್ಲಿ ಹೆಚ್ಚಿನವರು ಚಿಕ್ಕಂದಿನಲ್ಲೇ ಕಲಿತವರು. ಹಾಗಂತ ನೀವು ಕಲಿಯಬಾರದು ಅಂತಲ್ಲ.

ನಿವೃತ್ತ62
ಅಂದರೆ ಐವತ್ತು ವರ್ಷ ತಡವಾಯ್ತು ಅನ್ನಿ. ಇರಲಿ, ವೀಣೆ ತರಿಸಿಯಾಗಿದೆ.

ಲೆಕ್ಕದ_ಮೇಷ್ಟ್ರು
ಕೀಬೋರ್ಡ್_ಅಮ್ಮನವರೇ, ಒಂದು ಪ್ರಶ್ನೆ. ದೊಡ್ಡವರಿಬ್ಬರು ಅಂದಿರಿ. ಚಿಕ್ಕವನೂ ಇದ್ದಾನಾ?

ಕೀಬೋರ್ಡ್_ಅಮ್ಮ
ಇದ್ದಾನೆ. ಕೀಬೋರ್ಡ್ ಮುಟ್ಟಲ್ಲ, ಬರೀ ಕ್ರಿಕೆಟ್.

ಲೆಕ್ಕದ_ಮೇಷ್ಟ್ರು
ಓದಿನಲ್ಲಿ?

ಕೀಬೋರ್ಡ್_ಅಮ್ಮ
ಅವನೂ ಮುಂದು. ಆದರೆ ಅದು ಬೇರೆ ವಿಷಯ.

ಸುಮ್ನೆ_ಬಂದೆ
😂😂 ದಿನಾ ಪಕ್ಕದಲ್ಲಿ ಕೂತು ಓದಿಸೋ ಅಮ್ಮ ಇದ್ದರೆ ಕೀಬೋರ್ಡ್ ಯಾಕೆ, ಕಂಸಾಳೆ ಕೊಟ್ಟರೂ ಮುಂದೆ ಬರ್ತಾರೆ.

ಗೊಂದಲದ_ಅಪ್ಪ
ಎಲ್ಲರಿಗೂ ಥ್ಯಾಂಕ್ಸ್. ಹೆಂಡತಿಗೂ ಓದಿಸಿದೆ. ಲೆಕ್ಕಕ್ಕಾಗಿ ಪಿಟೀಲು ಬೇಡ ಅಂತ ಅವಳೂ ಒಪ್ಪಿದಳು. ಮೂರನೇ_ಕಾಲ ಅವರು ಬರೆದ ಕೈ-ಬಾಯಿ ವಿಷಯ ಓದಿ ಮಗಳು, ನನಗೆ ಅದು ಬರುತ್ತೆ ಅಂತ ಹಾಡಿ ತೋರಿಸಿದಳು. ಹಾಡೋದರಲ್ಲಿ ತಕರಾರಿಲ್ಲವಂತೆ. ಪಿಟೀಲು ಹಿಡಿದರೆ ಕೈ ನೋಯುತ್ತಂತೆ. ಇದನ್ನು ಇಷ್ಟು ದಿನ ಹೇಳಿಯೇ ಇರಲಿಲ್ಲ.

ಮೂರನೇ_ಕಾಲ
ಅಯ್ಯೋ, ಮೊದಲು ವಾದ್ಯದ ಅಳತೆ ನೋಡಿ ಸರ್. ಮಕ್ಕಳಿಗೆ ಕಾಲು, ಅರ್ಧ, ಮುಕ್ಕಾಲು ಅಂತ ಬೇರೆ ಬೇರೆ ಅಳತೆಯ ಪಿಟೀಲು ಇರುತ್ತವೆ. ಒಂಬತ್ತು ವರ್ಷದ ಮಗುವಿಗೆ ಸಾಮಾನ್ಯವಾಗಿ ಅರ್ಧ ಇಲ್ಲವೇ ಮುಕ್ಕಾಲು. ಬೇಗ ಬೆಳೀತಾಳೆ, ಒಂದೇ ಸಲ ದೊಡ್ಡದೇ ಕೊಳ್ಳೋಣ ಅಂತ ತುಂಬಾ ಜನ ಪೂರ್ತಿ ಅಳತೆಯದ್ದೇ ತರ್ತಾರೆ. ಎಡಗೈ ಚಾಚಿ ಚಾಚಿ ಭುಜ ಸೋಲುತ್ತೆ, ಕಿರುಬೆರಳು ಸ್ವರದ ಜಾಗಕ್ಕೆ ಮುಟ್ಟೋದೇ ಇಲ್ಲ. ಮಗುವಿಗೆ ಅನ್ನಿಸೋದು ‘ನನಗೆ ಬರಲ್ಲ’ ಅಂತ.

ಗೊಂದಲದ_ಅಪ್ಪ
ನಮ್ಮದು ಪೂರ್ತಿ ಅಳತೆಯದ್ದೇ. ಕ್ಲಾಸಿನವರೇ ಹೇಳಿ ಕೊಡಿಸಿದ್ದು.

ಪುರಾವೆ_ಎಲ್ಲಿ
ಐಕ್ಯೂ ಏರುತ್ತೆ ಅಂದವರೇ ಅಲ್ವಾ?

ನಿವೃತ್ತ62
ವೀಣೆಯಲ್ಲೂ ಅಳತೆ ಇದೆಯಾ? ನನ್ನದು ತೊಡೆಯಿಂದ ಜಾರುತ್ತೆ. ಯಾರಾದರೂ ಹೇಳಿ, ನಾಳೆ ಮೊದಲ ಪಾಠ.